ಗುಜರಿ ಉಕ್ಕಿನಲ್ಲಿ ಮೊದಲ ಚಾಕು: ಸುತ್ತಿಗೆಗಿಂತ ಹದ ಮುಖ್ಯ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಈ ಸಲ ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡೆಯಿಂದ ಒಂದೇ ವಿಷಯದ ಮೇಲೆ ಪ್ರಶ್ನೆಗಳು ಬಂದಿವೆ. ಹಳೇ ಉಕ್ಕಿನಿಂದ ಕೈಯಾರೆ ಚಾಕು ಮಾಡೋದು ಹೇಗೆ ಅಂತ. ಟೂಲ್‌ರೂಮಿನಲ್ಲಿ ಉಕ್ಕಿಗೆ ಹದ ಕೊಡುವ, ಅಂದರೆ ಕಾಯಿಸಿ ಆರಿಸಿ ಬೇಕಾದಷ್ಟು ಗಟ್ಟಿ ಮಾಡುವ, ಕೆಲಸ ಮಾಡಿದವರು ಉತ್ತರಿಸಿದ್ದಾರೆ.

ಪ್ರಶ್ನೆ: ಸರ್, ನಮ್ಮದು ಗಂಗಾವತಿ ಹತ್ತಿರದ ಹಳ್ಳಿ. ಟ್ರ್ಯಾಕ್ಟರ್ ಟ್ರಾಲಿಯ ಕಮಾನ್ ಪಟ್ಟಿ (ಭಾರ ಹೊರುವ ಸ್ಪ್ರಿಂಗಿನ ಪಟ್ಟಿ) ಒಂದು ಮುರಿದು ಮನೆಯಲ್ಲೇ ಬಿದ್ದಿದೆ. ಅದರಲ್ಲಿ ಒಂದು ಅಡಿ ಉದ್ದದ ದೊಡ್ಡ ಚಾಕು ಮಾಡಬೇಕು ಅಂತ ಆಸೆ. ನನ್ನ ಹತ್ತಿರ ಆ್ಯಂಗಲ್ ಗ್ರೈಂಡರ್, ಎರಡು ಅರ (ಫೈಲ್), ಸುತ್ತಿಗೆ ಇವೆ. ಕುಲುಮೆ ಇಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಆ ಒಂದು ಅಡಿಯನ್ನು ಕಡಿಮೆ ಮಾಡಿ. ಅಲಗು ಮೂರೂವರೆ ಇಂಚು, ಹಿಡಿ ನಾಲ್ಕು ಇಂಚು. ಇಷ್ಟು ಸಾಕು. ಚಿಕ್ಕ ಬೆಂಕಿಯಲ್ಲಿ ಒಂದು ಗೇಣು ಉದ್ದದ ಅಲಗನ್ನು ಒಂದೇ ಸಮ ಕಾಯಿಸೋದೇ ಕಷ್ಟ. ಅಡಿ ಉದ್ದದ್ದು ಕಾಯುವಷ್ಟರಲ್ಲಿ ಒಂದು ತುದಿ ಕರಗುವ ಹಾಗಾಗಿರುತ್ತೆ, ಇನ್ನೊಂದು ತುದಿ ಕಪ್ಪಗೇ ಇರುತ್ತೆ. ಎಣ್ಣೆಗೆ ಹಾಕಿದ ತಕ್ಷಣ ಸೊಟ್ಟಗಾಗುತ್ತೆ. ಇನ್ನೊಂದು ಕಾರಣ ಕಾನೂನಿನದು. 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಅಲಗು ಶಸ್ತ್ರಾಸ್ತ್ರ ನಿಯಮಗಳ ಲೆಕ್ಕಕ್ಕೆ ಬರುತ್ತೆ. ಅಡುಗೆ ಮತ್ತು ಹೊಲದ ಕೆಲಸದ ಉಪಕರಣಗಳಿಗೆ ಅದರಲ್ಲಿ ವಿನಾಯಿತಿ ಇದೆ, ನಿಜ. ಆದರೆ ಯಾವ ಕೆಲಸಕ್ಕೆ ಅಂತ ನೋಡಿದ ತಕ್ಷಣ ತಿಳಿಯದ ದೊಡ್ಡ ಚಾಕುವನ್ನು ಮೊದಲ ಸಲಕ್ಕೇ ಮಾಡೋದು ಯಾಕೆ?

ಪಟ್ಟಿಯ ವಿಷಯಕ್ಕೆ ಬರೋಣ. ಕಮಾನ್ ಪಟ್ಟಿ ಒಳ್ಳೆಯ ಆಯ್ಕೆ. ಅದರಲ್ಲಿ ಸುಮಾರು 0.5ರಿಂದ 0.65 ಶೇಕಡಾ ಕಾರ್ಬನ್ ಇರುತ್ತೆ, ಜೊತೆಗೆ ಸಿಲಿಕಾನ್, ಮ್ಯಾಂಗನೀಸ್ ಅಥವಾ ಕ್ರೋಮಿಯಂ. ಉಕ್ಕು ಗಟ್ಟಿಯಾಗೋದು ಆ ಕಾರ್ಬನ್‌ನಿಂದ. ನಮ್ಮ ಕಡೆ ಉಕ್ಕಿಗೆ ಬರಗಾಲ ಇಲ್ಲ. ತೋರಣಗಲ್ಲಿನ ಕಾರ್ಖಾನೆ ಪಕ್ಕದಲ್ಲೇ ಇದೆ, ಗುಜರಿ ಅಂಗಡಿ ತುಂಬ ಟಿಎಂಟಿ ಸರಳಿನ ತುಂಡು. ಆದರೆ ಟಿಎಂಟಿಯಲ್ಲಿ ಕಾರ್ಬನ್ 0.3 ಶೇಕಡಾ ದಾಟುವ ಹಾಗಿಲ್ಲ, ದಾಟಿದರೆ ಕಟ್ಟಡದಲ್ಲಿ ಬಗ್ಗೋದಿಲ್ಲ, ಮುರಿಯುತ್ತೆ. ಅದರಲ್ಲಿ ಚಾಕುವಿನ ಆಕಾರ ಬರಬಹುದು, ಬಾಯಿ, ಅಂದರೆ ಕೊಯ್ಯುವ ಅಂಚು, ನಿಲ್ಲೋದಿಲ್ಲ. ಮೊಳೆ, ಆ್ಯಂಗಲ್, ಗೇಟಿನ ಪಟ್ಟಿ ಎಲ್ಲವೂ ಇದೇ ಜಾತಿ.

ನಿಮ್ಮ ಪಟ್ಟಿಯ ತೊಂದರೆ ಬೇರೆ. ಅದು ಮುರಿದದ್ದು. ಸ್ಪ್ರಿಂಗ್ ಒಂದೇ ಏಟಿಗೆ ಮುರಿಯೋದು ಕಡಿಮೆ, ವರ್ಷಗಟ್ಟಲೆ ಬಗ್ಗಿ ಬಗ್ಗಿ ಕೂದಲೆಳೆಯಂಥ ಬಿರುಕು ಬೆಳೆದು ಕೊನೆಗೆ ಕೈ ಕೊಡುತ್ತೆ. ಮುರಿದ ಜಾಗದ ಹತ್ತಿರ, ನಡುವಿನ ಬೋಲ್ಟ್ ತೂತಿನ ಸುತ್ತ ಇನ್ನೂ ಅಂಥ ಬಿರುಕು ಅಡಗಿರಬಹುದು. ಪತ್ತೆ ಹಚ್ಚುವ ಹಳೇ ಉಪಾಯ ಇದೆ. ತುಕ್ಕು ಕೆರೆದು ತೆಗೆಯಿರಿ. ಡೀಸೆಲ್ ಸವರಿ ಅರ್ಧ ಗಂಟೆ ಬಿಡಿ. ಬಟ್ಟೆಯಿಂದ ಚೆನ್ನಾಗಿ ಒರೆಸಿ, ಮೇಲೆ ಚಾಕ್‌ಪೀಸಿನ ಪುಡಿ ಉಜ್ಜಿ. ಬಿರುಕಿದ್ದರೆ ಒಳಗೆ ಕುಳಿತ ಡೀಸೆಲ್ ಹೊರಗೆ ಬಂದು ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಕಾಣುತ್ತೆ. ಗೆರೆ ಬಂದ ಭಾಗವನ್ನು ಬಿಟ್ಟು ಆಚೆಯ ತುಂಡು ತಗೊಳ್ಳಿ. ಅದಕ್ಕಿಂತ ಒಳ್ಳೆಯದು, ಗ್ಯಾರೇಜಿನಲ್ಲಿ ಮುರಿಯದೆ ಬರೀ ಸವೆದು ಬದಲಾಯಿಸಿದ ಪಟ್ಟಿ ಸಿಗುತ್ತಾ ಕೇಳಿ. ಸಂಡೂರಿನ ಅದಿರು ಲಾರಿಗಳು ಓಡಾಡುವ ದಾರಿಯ ಗ್ಯಾರೇಜುಗಳಲ್ಲಿ ಇದಕ್ಕೆ ಕೊರತೆ ಇರೋದಿಲ್ಲ. ಆದರೆ ದೊಡ್ಡ ಲಾರಿಯ ಪಟ್ಟಿ ಹತ್ತು ಮಿಲಿಮೀಟರ್ ಮೇಲೆ ದಪ್ಪ ಇರುತ್ತೆ. ನಿಮಗೆ ಬೇಕಾದ್ದು ಮೂರರಿಂದ ನಾಲ್ಕು. ಗ್ರೈಂಡರಿನಲ್ಲಿ ಅಷ್ಟೂ ಸವೆಸಲು ಹೋದರೆ ಚಕ್ರದ ದುಡ್ಡಲ್ಲಿ ಹೊಸ ಚಾಕುಗಳೇ ಬರುತ್ತವೆ. ಊರಿನ ಕುಲುಮೆಗೆ ಒಯ್ದು, "ಇದನ್ನು ನಾಲ್ಕು ಮಿಲಿಮೀಟರ್ ಪಟ್ಟಿ ಬಡಿದು ಕೊಡ್ರಿ" ಅನ್ನಿ. ಕೂಲಿ ಕೊಡಿ. ಮೊದಲ ಚಾಕುವಿಗೆ ಬಡಿಯುವ ಕೆಲಸ ನೀವೇ ಮಾಡಬೇಕು ಅಂತ ಹಟ ಬೇಡ.

ಈಗ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ವಿಡಿಯೊ ಮಾಡುವವರು ಇದನ್ನು ಸಾಮಾನ್ಯವಾಗಿ ತೋರಿಸೋದಿಲ್ಲ, ಯಾಕಂದರೆ ನೋಡಲು ಮಜಾ ಇಲ್ಲ. ಚಾಕು ಕೊಯ್ಯುವ ಮುಂಚೆ ಅದೇ ಪಟ್ಟಿಯಿಂದ ಎರಡೆರಡು ಇಂಚು ಉದ್ದದ ತುಂಡುಗಳನ್ನು ಕತ್ತರಿಸಿಕೊಳ್ಳಿ. ಚಾಕುವಿಗೆ ಏನೇನು ಮಾಡಬೇಕೋ ಅದನ್ನೆಲ್ಲ ಮೊದಲು ಈ ತುಂಡಿಗೆ ಮಾಡಿ. ಗುಜರಿ ಉಕ್ಕಿನ ಮೇಲೆ ಹೆಸರು ಬರೆದಿರೋದಿಲ್ಲ. ತುಂಡೇ ಹೇಳಬೇಕು.

ಬೆಂಕಿಗೆ ನೆಲದಲ್ಲಿ ಒಂದು ಗೇಣು ಆಳದ ಗುಂಡಿ, ಪಕ್ಕದಿಂದ ಒಂದು ಕಬ್ಬಿಣದ ಪೈಪು, ಪೈಪಿನ ಬಾಯಿಗೆ ಹೇರ್ ಡ್ರೈಯರ್ ಅಥವಾ ಕೈ ಬ್ಲೋವರ್. ಇದ್ದಿಲು ಬಳ್ಳಾರಿ ಜಾಲಿಯದು. ಊರ ಹೊಲವೆಲ್ಲ ತಿಂದು ಹಾಕಿದ ಆ ಗಿಡಕ್ಕೆ ಎಷ್ಟು ಬೈದರೂ ಸಾಲದು, ಆದರೆ ಕುಲುಮೆಗೆ ಅದರ ಇದ್ದಿಲು ಚಿನ್ನ. ಸಿಮೆಂಟ್ ನೆಲದ ಮೇಲೆ ಬೆಂಕಿ ಹಾಕಬೇಡಿ, ಹೊಳೆಯ ಕಲ್ಲು ಸುತ್ತ ಇಡಬೇಡಿ. ಒಳಗಿನ ತೇವ ಕಾದು ಅವು ಸಿಡಿಯುತ್ತವೆ. ಕೋಣೆಯೊಳಗೂ ಬೇಡ. ಇದ್ದಿಲಿನ ಹೊಗೆ ಕಾಣೋದಿಲ್ಲ, ಆದರೆ ಪ್ರಾಣ ತೆಗೆಯುತ್ತೆ.

ಸೂರ್ಯ ಮುಳುಗಿದ ಮೇಲೆ ಶುರು ಮಾಡಿ. ನಮ್ಮ ಬಿಸಿಲಿಗೆ ಹೆದರಿ ಹೇಳುತ್ತಿಲ್ಲ. ಹಗಲಲ್ಲಿ ಕೆಂಡದ ಬಣ್ಣ ಕಣ್ಣಿಗೆ ಸುಳ್ಳು ಹೇಳುತ್ತೆ, ಕತ್ತಲಲ್ಲಿ ಕಡುಗೆಂಪಾಗಿ ಕಾಣುವುದು ಬಿಸಿಲಲ್ಲಿ ಕಪ್ಪಗೇ ಕಾಣುತ್ತೆ. ಹಳೇ ಸ್ಪೀಕರಿನ ಆಯಸ್ಕಾಂತವನ್ನು ತಂತಿಗೆ ಕಟ್ಟಿ ನೇತು ಹಾಕಿ. ತುಂಡನ್ನು ಕೆಂಡದೊಳಗೆ, ಗಾಳಿ ನೇರ ಬಡಿಯದ ಕಡೆ ಇಟ್ಟು ಕಾಯಿಸಿ. ಆಗಾಗ ಇಕ್ಕಳದಲ್ಲಿ ತೆಗೆದು ಆಯಸ್ಕಾಂತಕ್ಕೆ ತೋರಿಸಿ. ಸುಮಾರು 770 ಡಿಗ್ರಿ ದಾಟಿದರೆ ಉಕ್ಕು ಅಂಟುವುದನ್ನು ಬಿಡುತ್ತೆ. ಅಲ್ಲಿಗೇ ನಿಲ್ಲಿಸಬೇಡಿ. ಕಮಾನ್ ಪಟ್ಟಿಗೆ 830ರಿಂದ 860 ಡಿಗ್ರಿ ಬೇಕು. ಅಂದರೆ ಅಂಟು ಬಿಟ್ಟ ಬಣ್ಣಕ್ಕಿಂತ ಒಂದು ಛಾಯೆ ಹೆಚ್ಚು. ಕಿತ್ತಳೆ ದಾಟಿ ಹಳದಿಗೆ ಹೋದರೆ ಕೆಟ್ಟಿತು ಅಂತಲೇ.

ನಂತರ ಎಣ್ಣೆ. ಶೇಂಗಾ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಬಜ್ಜಿ ಕರಿದು ಸೋಸಿದ ಎಣ್ಣೆ, ಯಾವುದಾದರೂ ಆಗುತ್ತೆ. ಮೂರು ಲೀಟರಾದರೂ ಇರಲಿ, ಆಳವಾದ ಕಬ್ಬಿಣದ ಡಬ್ಬಿಯಲ್ಲಿ. 50–60 ಡಿಗ್ರಿಗೆ ಬಿಸಿ ಮಾಡಿ. ತಣ್ಣಗಿನ ಎಣ್ಣೆ ಮಂದವಾಗಿದ್ದು ಉಕ್ಕನ್ನು ನಿಧಾನ ಆರಿಸುತ್ತೆ, ಬೆಚ್ಚಗಿನದೇ ಬೇಗ ಆರಿಸುತ್ತೆ. ಕೇಳಿದರೆ ತಲೆಕೆಳಗು ಅನಿಸುತ್ತೆ ಅಲ್ವಾ, ಆದರೆ ಹಾಗೇ. ಗಾಡಿಯ ಸುಟ್ಟ ಎಂಜಿನ್ ಆಯಿಲ್ ಬೇಡ. ಅದರ ಹೊಗೆ ವಿಷ, ಮತ್ತೆ ಇದು ತರಕಾರಿ ಹೆಚ್ಚುವ ಚಾಕು. ಎಣ್ಣೆಗೆ ಬೆಂಕಿ ಹತ್ತಬಹುದು, ಹತ್ತೇ ಹತ್ತುತ್ತೆ ಅಂತ ತಿಳಿದೇ ಇರಿ. ಡಬ್ಬಿಗೆ ಸರಿಯಾಗಿ ಕೂರುವ ತಗಡಿನ ಮುಚ್ಚಳ ಕೈಗೆ ಎಟುಕುವಂತಿರಲಿ. ನೀರು ಸುರಿಯಬೇಡಿ.

ತುಂಡು ಆರಿದ ಮೇಲೆ ಅದರ ಅಂಚಿಗೆ ಅರ ಹಾಕಿ. ಅರ ಕಚ್ಚದೆ ಜಾರಿದರೆ ಗಟ್ಟಿಯಾಗಿದೆ. ಈಗ ಬಟ್ಟೆ ಸುತ್ತಿ ವೈಸಿಗೆ ಕಚ್ಚಿಸಿ ಸುತ್ತಿಗೆಯಿಂದ ಮುರಿಯಿರಿ. ಕನ್ನಡಕ ಹಾಕಿಕೊಂಡೇ. ಮುರಿದ ಮುಖವನ್ನು ಬೆಳಕಿಗೆ ಹಿಡಿದು ನೋಡಿ. ಬೂದು ಬಣ್ಣ, ನುಣುಪು, ಹೊಳಪಿಲ್ಲ ಅಂದರೆ ಸರಿಯಾದ ಶಾಖ. ಸಕ್ಕರೆ ಹರಳಿನಂತೆ ಮಿಣಮಿಣ ಅಂದರೆ ಜಾಸ್ತಿ ಕಾಯಿಸಿದ್ದೀರಿ, ಉಕ್ಕಿನೊಳಗಿನ ಕಣಗಳು ದಪ್ಪಗಾಗಿವೆ. ಅಂಥ ಅಲಗು ಕೈಯಿಂದ ಜಾರಿ ಬಿದ್ದರೂ ಮುರಿಯುತ್ತೆ. ಇನ್ನೊಂದು ತುಂಡು ತಗೊಂಡು ಬಣ್ಣ ಕಡಿಮೆ ಮಾಡಿ ನೋಡಿ. ಸರಿ ಬರುವವರೆಗೂ ಚಾಕುವಿಗೆ ಕೈ ಹಾಕಬೇಡಿ.

ಉಳಿದದ್ದು ಅಷ್ಟು ಕಷ್ಟವಲ್ಲ. ಪಟ್ಟಿ ಕೊಯ್ಯಲು ಮೃದುವಾಗಬೇಕು. ಕೆಂಪಗೆ ಕಾಯಿಸಿ, ಭತ್ತದ ಹೊಟ್ಟಿನ ಒಣ ಬೂದಿಯಲ್ಲಿ ರಾತ್ರಿಯಿಡೀ ಹೂತಿಡಿ. ಗಂಗಾವತಿಯಲ್ಲಿ ಇದ್ದುಕೊಂಡು ಬೂದಿ ಎಲ್ಲಿ ಸಿಗುತ್ತೆ ಅಂತ ಕೇಳೋದಿಲ್ಲ ಅಂದುಕೊಂಡಿದ್ದೇನೆ, ರೈಸ್ ಮಿಲ್‌ಗಳಿಗೆ ಅದನ್ನು ಎಲ್ಲಿ ಸುರಿಯೋದು ಅನ್ನೋದೇ ಚಿಂತೆ. ಶಾಖ ಹಿಡಿದಿಡೋದರಲ್ಲಿ ಅದಕ್ಕೆ ಸಾಟಿ ಕಡಿಮೆ, ಉಕ್ಕಿನ ಕಾರ್ಖಾನೆಗಳೂ ಕರಗಿದ ಉಕ್ಕಿನ ಮೇಲೆ ಇದನ್ನೇ ಹರಡುತ್ತವೆ. ಮೂಗಿಗೆ ಮಾಸ್ಕ್ ಇರಲಿ, ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಬೆಳಿಗ್ಗೆ ಅರ ಸಲೀಸಾಗಿ ಕಚ್ಚುತ್ತೆ. ಆಕಾರ ಮಾಡಿ, ಹಿಡಿಯ ತೂತುಗಳನ್ನು ಈಗಲೇ ಕೊರೆಯಿರಿ. ಆಮೇಲೆ ಡ್ರಿಲ್ ಬಿಟ್ ಸೋಲುತ್ತೆ. ಬಾಯಿಯನ್ನು ಪೂರ್ತಿ ತೆಳು ಮಾಡಬೇಡಿ, ಒಂದು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಉಳಿಸಿ. ತೆಳ್ಳಗಾದರೆ ಎಣ್ಣೆಯಲ್ಲಿ ಅಲೆಅಲೆಯಾಗುತ್ತೆ. ಹದಕ್ಕೆ ಮುಂಚೆ ಮೂರು ಸಲ ಕೆಂಪಗೆ ಕಾಯಿಸಿ ಗಾಳಿಯಲ್ಲಿ ಆರಲು ಬಿಡಿ. ಬಡಿದಾಗ ದಪ್ಪಗಾದ ಕಣಗಳು ಮತ್ತೆ ಸಣ್ಣಗಾಗುತ್ತವೆ. ಎಣ್ಣೆಗೆ ಇಳಿಸುವಾಗ ಮೊನೆ ಕೆಳಗೆ, ನೇರ. ಬೇಕಾದರೆ ಬಾಯಿ–ಬೆನ್ನಿನ ದಿಕ್ಕಿನಲ್ಲಿ ಆಡಿಸಿ, ಅಕ್ಕಪಕ್ಕಕ್ಕೆ ಬೇಡ.

ಎಣ್ಣೆಯಿಂದ ತೆಗೆದ ಅಲಗು ಗಾಜಿದ್ದ ಹಾಗೆ. ಅವತ್ತೇ ಅದರ ಬಿರುಸು ಇಳಿಸಬೇಕು. ಎಣ್ಣೆಯನ್ನು ಸೋಪಿನಿಂದ ತೊಳೆದು, ಉಜ್ಜಿ ಹೊಳಪು ಮಾಡಿ, ಓಟಿಜಿಯಲ್ಲಿ, ಅಂದರೆ ಕೇಕ್ ಬೇಯಿಸುವ ಕರೆಂಟಿನ ಒಲೆಯಲ್ಲಿ, 200 ಡಿಗ್ರಿಗೆ ಒಂದು ಗಂಟೆ ಇಡಿ. ತೆಗೆದು ಆರಿಸಿ, ಮತ್ತೆ ಒಂದು ಗಂಟೆ. ಒಲೆಯ ಗುಂಡಿಯನ್ನು ನಂಬಬೇಡಿ, ಒಳಗೆ ಬೇರೆ ಥರ್ಮಾಮೀಟರ್ ಇಡಿ. ಒಣಗಿದ ಜೋಳದ ದಂಟಿನ ಬಣ್ಣ ಬಂದರೆ ಸರಿ. ನೀಲಿ ಬಂದರೆ ಸುಮಾರು 300 ಡಿಗ್ರಿ ಮುಟ್ಟಿದೆ ಅಂತ ಅರ್ಥ, ಅದು ಸ್ಪ್ರಿಂಗಿನ ಹದ, ಚಾಕುವಿನದ್ದಲ್ಲ.

ಪ್ರಶ್ನೆ: ನಾನು ಮಸ್ಕಿ ಕಡೆಯವನು. ನಮ್ಮೂರ ಕುಲುಮೆಯಲ್ಲಿ ಕುಡುಗೋಲು, ಕೊಡಲಿ ಎಲ್ಲಕ್ಕೂ ನೀರಲ್ಲೇ ಹದ ಹಾಕುತ್ತಾರೆ. ಎಣ್ಣೆನೂ ಇಲ್ಲ, ಒಲೆನೂ ಇಲ್ಲ. ಆದರೂ ಕುಡುಗೋಲು ವರ್ಷಗಟ್ಟಲೆ ಬಾಳುತ್ತೆ. ಎಲ್ಲರೂ ಎಣ್ಣೆ ಅಂತ ಯಾಕೆ ಹೇಳುತ್ತಾರೆ?

ಉತ್ತರ: ನಿಮ್ಮೂರ ಕಮ್ಮಾರರು ಮಾಡೋದು ಸರಿ. ಆದರೆ ನೀವು ನೋಡಿದ್ದು ಬರೀ ನೀರು, ಅವರ ಕಣ್ಣು ಎಲ್ಲಿತ್ತು ಅಂತ ನೋಡಿಲ್ಲ.

ಮುಂದಿನ ಸಲ ಹತ್ತಿರ ಕೂತು ಗಮನಿಸಿ. ಕುಡುಗೋಲನ್ನು ಇಡಿಯಾಗಿ ಮುಳುಗಿಸೋದಿಲ್ಲ. ಬಾಯಿಯನ್ನಷ್ಟೇ ನೀರಿಗೆ ತಾಗಿಸಿ ಎತ್ತುತ್ತಾರೆ. ಬೆನ್ನಿನ ಕಡೆ ಇನ್ನೂ ಶಾಖ ಇರುತ್ತೆ. ತಕ್ಷಣ ಒಂದು ಕಲ್ಲು ಅಥವಾ ಹಳೇ ಅರದಿಂದ ಬಾಯಿಯನ್ನು ಎರಡು ಸಲ ಉಜ್ಜಿ ಬೆಳ್ಳಗೆ ಮಾಡುತ್ತಾರೆ. ಬೆನ್ನಿನ ಶಾಖ ನಿಧಾನಕ್ಕೆ ಬಾಯಿಯ ಕಡೆ ಹರಿಯುತ್ತೆ. ಆ ಬೆಳ್ಳಗಿನ ಜಾಗದ ಮೇಲೆ ಬಣ್ಣಗಳು ಓಡುತ್ತವೆ: ತಿಳಿ ಹಳದಿ, ಕಡು ಹಳದಿ, ಕಂದು, ನೇರಳೆ, ನೀಲಿ. ತಮಗೆ ಬೇಕಾದ ಬಣ್ಣ ಬಾಯಿಗೆ ಬಂದ ಕ್ಷಣಕ್ಕೆ ಪೂರ್ತಿ ಮುಳುಗಿಸುತ್ತಾರೆ. ಗಟ್ಟಿ ಮಾಡುವುದು, ಬಿರುಸು ಇಳಿಸುವುದು ಎರಡೂ ಒಂದೇ ಕಾವಿನಲ್ಲಿ ಮುಗಿಯಿತು. ನಾನು ಒಲೆ, ಥರ್ಮಾಮೀಟರ್ ಅಂತ ಎರಡು ಗಂಟೆ ತಗೊಳ್ಳುವ ಕೆಲಸ ಅವರಿಗೆ ಎರಡು ನಿಮಿಷದ್ದು. ಬೆನ್ನು ಮೃದುವಾಗೇ ಉಳಿಯುವುದರಿಂದ ಕುಡುಗೋಲು ಕಲ್ಲಿಗೆ ಬಡಿದರೂ ಮುರಿಯೋದಿಲ್ಲ.

ಎಣ್ಣೆ ಹೇಳುವುದು ಹೊಸಬರಿಗೆ. ನೀರು ತುಂಬ ಬೇಗ ಆರಿಸುತ್ತೆ. ಸಿಲಿಕಾನ್, ಕ್ರೋಮಿಯಂ ಸೇರಿದ ಸ್ಪ್ರಿಂಗ್ ಉಕ್ಕಿಗೆ ಅಷ್ಟು ಅವಸರ ಬೇಕಿಲ್ಲ, ಎಣ್ಣೆಯಲ್ಲೇ ಗಟ್ಟಿಯಾಗುತ್ತೆ. ಇಡೀ ಅಲಗನ್ನು ನೀರಿಗೆ ಹಾಕಿದರೆ ತೆಳು ಬಾಯಿ ಮೊದಲು ಕುಗ್ಗಿ, ದಪ್ಪ ಬೆನ್ನು ಆಮೇಲೆ ಆರುವಾಗ ಎಳೆದಾಡಿ, ಟಿಣ್ ಅಂತ ಸಣ್ಣ ಸದ್ದು ಬರುತ್ತೆ. ಆ ಸದ್ದು ಕೇಳಿದರೆ ಚಾಕು ಸೀಳಿದೆ ಅಂತ ತಿಳಿಯಿರಿ. ನಿಮಗೆ ನೀರಿನ ಹದ ಕಲಿಯುವ ಆಸೆ ಇದ್ದರೆ ಅವರ ಹತ್ತಿರವೇ ಕಲಿಯಿರಿ. ಮುಂಗಾರು ಶುರುವಾಗುವ ಹೊತ್ತಿಗೆ ಹೋಗಬೇಡಿ, ಆಗ ಕುಂಟೆ, ಕೂರಿಗೆ ಅಂತ ಅವರಿಗೆ ತಲೆ ಎತ್ತಲೂ ಪುರುಸೊತ್ತಿರೋದಿಲ್ಲ.

ಪ್ರಶ್ನೆ: ರಾಯಚೂರಿನಲ್ಲಿ ಬಾಡಿಗೆ ಮನೆ, ಎರಡನೇ ಮಹಡಿ. ಬೆಂಕಿ ಹಾಕುವ ಮಾತೇ ಇಲ್ಲ. ಮಾವನವರು ಬಡಿಗತನ ಮಾಡುತ್ತಿದ್ದರು, ಅವರ ಹಳೇ ಕೈ ಗರಗಸ, ಸವೆದ ಅರಗಳು ಇವೆ. ಉಳ್ಳಾಗಡ್ಡಿ ಹೆಚ್ಚೋಕೆ ಒಂದು ಚಾಕು ಮಾಡಿಕೊಳ್ಳಬಹುದಾ ಸರ್?

ಉತ್ತರ: ಅಕ್ಕಾ, ಎಲ್ಲರಿಗಿಂತ ಸುಲಭದ ಸಾಮಾನು ನಿಮ್ಮ ಮನೆಯಲ್ಲೇ ಇದೆ.

ಹಳೇ ಕೈ ಗರಗಸದ ತಗಡಿಗೆ ಕಾರ್ಖಾನೆಯಲ್ಲೇ ಹದ ಕೊಟ್ಟಿರುತ್ತಾರೆ. ದಪ್ಪ ಒಂದು ಮಿಲಿಮೀಟರ್ ಆಸುಪಾಸು, ತರಕಾರಿಗೆ ಹೇಳಿ ಮಾಡಿಸಿದ್ದು. ನೀವು ಮಾಡಬೇಕಾದ್ದು ಒಂದೇ, ಆ ಹದ ಕೆಡದಂತೆ ಆಕಾರ ಕೊಯ್ಯೋದು. ಕಾಗದದಲ್ಲಿ ಚಾಕು ಬರೆದು ಕತ್ತರಿಸಿ, ತಗಡಿಗೆ ಅಂಟಿಸಿ. ಹಲ್ಲಿರುವ ಅಂಚನ್ನು ಬಿಟ್ಟು ಒಳಗಿನ ತಗಡು ತಗೊಳ್ಳಿ. ಕಟಿಂಗ್ ಚಕ್ರದಲ್ಲಿ ಗೆರೆಯಿಂದ ಮೂರು ಮಿಲಿಮೀಟರ್ ಆಚೆಗೆ ಕೊಯ್ದು, ಉಳಿದದ್ದನ್ನು ಅರದಿಂದ ಸವೆಸಿ. ಚಕ್ರ ತಾಗಿದ ಅಂಚು ಸುಟ್ಟಿರುತ್ತೆ, ಅದು ಹೋಗಲಿ ಅಂತ ಈ ಮೂರು ಮಿಲಿಮೀಟರ್. ಬರಿಗೈಯಲ್ಲಿ ಹಿಡಿದೇ ಸವೆಸಿ, ಬಿಸಿ ತಾಗಿದ ಕೂಡಲೇ ನೀರಿಗೆ ಅದ್ದಿ. ಕೈ ತಡೆಯುವಷ್ಟು ಬಿಸಿ ಇದ್ದರೆ ಹದ ಸುರಕ್ಷಿತ. ಬಾಯಿಯ ಹತ್ತಿರ ನೀಲಿ ಬಣ್ಣ ಕಂಡರೆ ಆ ಜಾಗ ಮೆತ್ತಗಾಯಿತು, ಅದನ್ನು ದಾಟುವವರೆಗೆ ಸವೆಸಬೇಕು. ಈ ಚಾಕು ಅಂಗಡಿಯ ಒಳ್ಳೆ ಚಾಕುವಿನಷ್ಟು ದಿನ ಬಾಯಿ ಹಿಡಿಯದಿರಬಹುದು. ಆದರೆ ಸಾಣೆಗೆ ನಾಲ್ಕು ಸಲ ಉಜ್ಜಿದರೆ ಮತ್ತೆ ತಯಾರು.

ಅರದಿಂದಲೂ ಚಾಕು ಬರುತ್ತೆ, ಆದರೆ ಅದು ಎರಡನೆಯದಾಗಲಿ. ಹಳೇ ಅರದಲ್ಲಿ ಕಾರ್ಬನ್ ಒಂದು ಶೇಕಡಾ ಅಥವಾ ಅದಕ್ಕೂ ಮೇಲೆ. ಇದ್ದ ಹಾಗೇ ಬಿಟ್ಟರೆ ಬೀಳಿಸಿದ ಕೂಡಲೇ ಎರಡು ತುಂಡು. ಓಟಿಜಿಯಲ್ಲಿ 220 ಡಿಗ್ರಿಗೆ ಎರಡು ಸಲ, ಪ್ರತಿ ಸಲ ಎರಡು ಗಂಟೆ ಇಟ್ಟು ಬಿರುಸು ಇಳಿಸಿ, ಆಮೇಲೆ ಸವೆಸಿ. ಅರದ ಹಲ್ಲಿನ ಗುರುತು ಅಲಗಿನ ಮೇಲೆ ಅಂದಕ್ಕೆ ಅಂತ ಉಳಿಸುವವರಿದ್ದಾರೆ. ಚೆಂದ ಕಾಣುತ್ತೆ, ಒಪ್ಪುತ್ತೇನೆ. ಆದರೆ ಪ್ರತಿ ಗೆರೆಯೂ ಬಿರುಕು ಶುರುವಾಗುವ ಜಾಗ. ನಾನಂತೂ ಪೂರ್ತಿ ಸವೆಸಿ ಎನ್ನುತ್ತೇನೆ. ಈಗಿನ ಅಗ್ಗದ ಕೆಲವು ಅರಗಳು ಮೇಲ್ಪದರ ಮಾತ್ರ ಗಟ್ಟಿ, ಒಳಗೆ ಮೆತ್ತಗೆ. ತುದಿಯನ್ನು ಮುರಿದು ನೋಡಿ. ಗರಕ್ ಅಂತ ಮುರಿದರೆ ಸರಿ, ಬಗ್ಗಿದರೆ ಬಿಡಿ.

ಪ್ರಶ್ನೆ: ರೈಲು ಹಳಿಯ ಕ್ಲಿಪ್ಪು, ಹಟ್ಟಿ ಗಣಿ ಕಡೆ ಸಿಗುವ ಡ್ರಿಲ್ ರಾಡು, ಬೈಕಿನ ಶಾಕ್ ಅಬ್ಸಾರ್ಬರ್ ರಾಡು, ಇವುಗಳಲ್ಲಿ ಯಾವುದು ಒಳ್ಳೆಯದು?

ಉತ್ತರ: ಕ್ಲಿಪ್ಪು ಉಕ್ಕಾಗಿ ಒಳ್ಳೆಯದು, ಆಸ್ತಿಯಾಗಿ ಕೆಟ್ಟದ್ದು. 1966ರ ರೈಲ್ವೆ ಆಸ್ತಿ ಕಾಯ್ದೆ ಪ್ರಕಾರ ಕದ್ದ ಅನುಮಾನವಿರುವ ರೈಲ್ವೆ ಮಾಲು ನಿಮ್ಮ ಹತ್ತಿರ ಸಿಕ್ಕರೆ, ಅದು ಸರಿಯಾದ ದಾರಿಯಲ್ಲೇ ಬಂತು ಅಂತ ನೀವೇ ತೋರಿಸಬೇಕು. ಮೊದಲ ಅಪರಾಧಕ್ಕೇ ಐದು ವರ್ಷದವರೆಗೆ ಜೈಲು. ಗುಜರಿಯವನು ಕೊಟ್ಟ ಅಂದರೆ ನಡೆಯೋದಿಲ್ಲ. ಗಣಿಯ ರಾಡಿನ ನಡುವೆ ನೀರು ಹೋಗುವ ತೂತಿರುತ್ತೆ, ಅದನ್ನು ಬಡಿದು ಬೆಸೆಯುವುದು ಹೊಸಬರ ಕೆಲಸವಲ್ಲ. ಅದೂ ಯಾರದೋ ಮಾಲು ಅನ್ನೋದನ್ನು ಮರೆಯಬೇಡಿ. ಶಾಕ್ ಅಬ್ಸಾರ್ಬರನ್ನು ಬೆಂಕಿಯ ಹತ್ತಿರ ತರಲೇಬೇಡಿ. ಒಳಗೆ ಎಣ್ಣೆ, ಕೆಲವದರಲ್ಲಿ ಒತ್ತಿ ತುಂಬಿದ ಗ್ಯಾಸ್, ಕಾದರೆ ಸ್ಫೋಟ. ರಾಡಿನ ಮೇಲೆ ಕ್ರೋಮ್ ಲೇಪ ಬೇರೆ. ಲೇಪ ಇರುವ ಯಾವುದನ್ನೂ ಕಾಯಿಸಬೇಡಿ. ಜಿಐ ಪೈಪಿನ ಸತು ಸುಟ್ಟ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬಂದು ನಡುಗಿಸುತ್ತೆ.

ಪ್ರಶ್ನೆ: ಕಂಪ್ಲಿಯಿಂದ ಬರೆಯುತ್ತಿದ್ದೇನೆ. ಕಮಾನ್ ಪಟ್ಟಿಯಿಂದ ಚಾಕು ಮಾಡಿ ಮುಗಿಸಿದೆ. ಎಣ್ಣೆಗೆ ಹಾಕಿದೆ, ಒಲೆಯಲ್ಲೂ ಇಟ್ಟೆ, ಕರಿಜಾಲಿ ಮರದ ಹಿಡಿ ಹಾಕಿದೆ. ನೋಡಲು ಚೆನ್ನಾಗಿದೆ. ಆದರೆ ಒಂದು ಕುಂಬಳಕಾಯಿ ಹೆಚ್ಚುವಷ್ಟರಲ್ಲಿ ಬಾಯಿ ಮಡಚಿಕೊಳ್ಳುತ್ತೆ. ಎಲ್ಲಿ ತಪ್ಪಿದೆ?

ಉತ್ತರ: ಮಡಚಿಕೊಂಡರೆ ಮೆತ್ತಗಿದೆ, ಚಕ್ಕೆ ಎದ್ದರೆ ಜಾಸ್ತಿ ಬಿರುಸಾಗಿದೆ. ನಿಮ್ಮದು ಮೊದಲನೆಯದು. ಅದಕ್ಕೂ ಮೂರು ಕಾರಣ ಇರಬಹುದು.

ಮೊದಲು ಸುಲಭದ್ದನ್ನು ನೋಡಿ. ಬೆಂಕಿಯಲ್ಲಿದ್ದಾಗ ಉಕ್ಕಿನ ಮೇಲ್ಪದರದ ಕಾರ್ಬನ್ ಸುಟ್ಟು ಹೋಗಿ ತೆಳುವಾದ ಮೆತ್ತನೆ ಪದರ ಉಳಿಯುತ್ತೆ. ಬಾಯಿಯನ್ನು ಅರ್ಧ ಮಿಲಿಮೀಟರ್ ಹಿಂದಕ್ಕೆ ಸವೆಸಿ ಹೊಸದಾಗಿ ಸಾಣೆ ಹಿಡಿಯಿರಿ. ಎಷ್ಟೋ ಚಾಕುಗಳು ಇಷ್ಟಕ್ಕೇ ಸರಿಹೋಗುತ್ತವೆ. ಸರಿ ಮಾಡಿದ ಬಾಯಿಯನ್ನು ಒಂದು ಹಿತ್ತಾಳೆ ಸರಳಿನ ಮೇಲೆ ಓರೆಯಾಗಿ ಒತ್ತಿ ಎಳೆಯಿರಿ. ಒತ್ತಿದಾಗ ಬಾಯಿ ಸ್ವಲ್ಪ ಬಾಗಿ, ಬಿಟ್ಟಾಗ ವಾಪಸ್ ಬರಬೇಕು. ಬಾಗಿಯೇ ಉಳಿದರೆ ಎರಡನೇ ಕಾರಣ, ಗ್ರೈಂಡರಿನಲ್ಲಿ ಕೊನೆಗೆ ಬಾಯಿ ತೆಗೆಯುವಾಗ ಸುಟ್ಟಿದ್ದೀರಿ. ತೆಳು ಬಾಯಿ ನೀಲಿಯಾಗಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು, ಮುಂದೆ ಉಜ್ಜಿದರೆ ಆ ಬಣ್ಣ ಅಳಿಸಿಹೋಗಿ ಗೊತ್ತೂ ಆಗೋದಿಲ್ಲ. ಇನ್ನೂ ಹಿಂದಕ್ಕೆ ಸವೆಸಿ ನೋಡಿ, ಕೈಯಲ್ಲಿ, ಸಾಣೆ ಕಲ್ಲಿನ ಮೇಲೆ.

ಅದಕ್ಕೂ ಸರಿಹೋಗದಿದ್ದರೆ ಮೂರನೆಯದು. ಎಣ್ಣೆಯಲ್ಲಿ ಅದು ಗಟ್ಟಿಯೇ ಆಗಿರಲಿಲ್ಲ. ಒಂದೋ ಶಾಖ ಸಾಲಲಿಲ್ಲ, ಇಲ್ಲವೋ ಕುಲುಮೆಯಿಂದ ಎಣ್ಣೆಗೆ ತರುವಷ್ಟರಲ್ಲಿ ಆರಿತು. ಡಬ್ಬಿ ಬೆಂಕಿಯಿಂದ ಒಂದು ಹೆಜ್ಜೆ ದೂರದಲ್ಲೇ ಇರಬೇಕು. ಎಣ್ಣೆಯಿಂದ ತೆಗೆದ ಕೂಡಲೇ ಅರ ಹಾಕಿ ನೋಡಿದ್ದಿರಾ? ಆಗ ಜಾರದಿದ್ದರೆ ಒಲೆಗೆ ಇಟ್ಟು ಪ್ರಯೋಜನವಿಲ್ಲ, ಒಲೆ ಬಿರುಸು ಇಳಿಸುತ್ತೆ, ಏರಿಸೋದಿಲ್ಲ.

ಚಾಕು ಕೆಟ್ಟಿಲ್ಲ. ಮತ್ತೆ ಹದ ಕೊಡಬಹುದು. ಆದರೆ ಹಿಡಿ ಬಿಚ್ಚಬೇಕು. ಅರಾಲ್ಡೈಟ್ ಹಾಕಿ ಅಂಟಿಸಿದ್ದರೆ ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಇಡಿ, ಅಂಟು ಮೆತ್ತಗಾಗುತ್ತೆ. ಹಿತ್ತಾಳೆ ಪಿನ್ನುಗಳನ್ನು ಡ್ರಿಲ್‌ನಿಂದ ಕೊರೆದು ತೆಗೆಯಿರಿ. ಬಾಯಿ ಈಗಾಗಲೇ ತೆಳ್ಳಗಿರುವುದರಿಂದ ಅಂಚನ್ನು ಸವೆಸಿ ಒಂದು ಮಿಲಿಮೀಟರ್ ದಪ್ಪಕ್ಕೆ ತನ್ನಿ, ಚಾಕು ಸ್ವಲ್ಪ ಕಿರಿದಾಗುತ್ತೆ, ಆಗಲಿ. ಮೂರು ಸಲ ಕಾಯಿಸಿ ಆರಿಸಿ, ಆಮೇಲೆ ಎಣ್ಣೆ, ಅರ, ಒಲೆ, ಹಿತ್ತಾಳೆ ಸರಳು, ಇದೇ ಕ್ರಮ. ಹಿತ್ತಾಳೆ ಸರಳಿನ ಪರೀಕ್ಷೆ ಪಾಸಾದ ಮೇಲಷ್ಟೇ ಹಿಡಿ. ಬಿಚ್ಚಿದ ಕರಿಜಾಲಿಯನ್ನು ಬಿಸಾಡಬೇಡಿ, ನೆರಳಲ್ಲಿ ಒಂದು ವಾರ ಒಣಗಿಸಿ. ತೂತು ಹೊಂದಿದರೆ ಅದನ್ನೇ ಮತ್ತೆ ಹಾಕಬಹುದು.